ಯೂರೋಪಿನ ಒಕ್ಕೂಟವೂ ದುಡಿಯುವವರ ಸಂದೇಹವೂ

(ಗಡಿನಾಡಿನ ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಈ ದಿನದ ಕೂಟಕ್ಕೆ ನಮಗೆ ಕೊಟ್ಟಿರುವ ವಿಷಯ ದೂರದೇಶದ್ದು. ಯೂರೋಪಿನ ದೇಶಗಳು ತಮ್ಮ ನಡುವಿನ ಗಡಿಗಳನ್ನು ಸಡಿಲಮಾಡಿ ಒಂದು ಒಕ್ಕೂಟವಾಗುವುದಕ್ಕೆ 1950ರಿಂದ ಪ್ರಯತ್ನಪಡುತ್ತಾ ಬಂದಿವೆ. ಆ ಪ್ರಯತ್ನಕ್ಕೆ ರಾಷ್ಟ್ರವಾದಿ ಪಕ್ಷಗಳು ಹೇಗೆ ಎದುರಾದವು, ಸಾಮಾನ್ಯ ಜನರ ಸಂದೇಹ ಅದನ್ನು ಎಲ್ಲೆಲ್ಲಿ ತಡೆಯಿತು, ಎಲ್ಲೆಲ್ಲಿ ತಿದ್ದಿತು ಎಂಬುದನ್ನು ನಾವು ವಿಚಾರಮಾಡಬೇಕಾಗಿದೆ.

ಇದು ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಗಡಿ ಎಂದರೇನೆಂದು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮ ಹಿರಿಯರು ಮನೆ ಬಿಟ್ಟು ಎಲ್ಲಿಗೂ ಹೋದವರಲ್ಲ. ಆದರೂ ಬೇರೆ ರಾಜ್ಯದವರಾದರು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಕರ್ನಾಟಕವು ಕೇರಳದ ಕಡೆಯ ರಸ್ತೆಗಳನ್ನು ಮುಚ್ಚಿದಾಗ, ಕಾಸರಗೋಡಿನ ರೋಗಿಗಳಿಗೆ ಹತ್ತಿರದ ಮಂಗಳೂರಿನ ಆಸ್ಪತ್ರೆಯೇ ದೂರವಾಯಿತು; ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಒಂದೇ ದೇಶದೊಳಗಿನ ಗಡಿ ಇಷ್ಟು ಮಾಡಬಲ್ಲದಾದರೆ, ದೇಶದೇಶಗಳ ನಡುವಿನ ಗಡಿಯನ್ನು ತೆಗೆಯುವುದೂ ಮತ್ತೆ ಹಾಕುವುದೂ ಎಷ್ಟು ಜನರ ಬದುಕಿನ ಪ್ರಶ್ನೆಯಾಗಬಹುದೆಂದು ನೀವೇ ಊಹಿಸಿರಿ.

ನಾವು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇವೆ. ರಾಷ್ಟ್ರವಾದಿ ಪಕ್ಷಗಳು ಸಂದೇಹವನ್ನು ಬಿತ್ತುವುದಕ್ಕಿಂತ ಹೆಚ್ಚಾಗಿ ಕೊಯ್ಯುತ್ತವೆ. ಜನರು ಕೇಳಿದ ನ್ಯಾಯವಾದ ಪ್ರಶ್ನೆಗೆ ಒಕ್ಕೂಟ ಕಟ್ಟುವವರು ಉತ್ತರ ಕೊಡದೆ ಹೋದ ಕಡೆಯಲ್ಲೆಲ್ಲಾ ಆ ಬೆಳೆ ಹುಲುಸಾಗಿ ಬಂದಿದೆ. ಉತ್ತರ ಕೊಟ್ಟ ಕಡೆ ಒಕ್ಕೂಟ ತಾಳಿಕೊಂಡಿದೆ.

ಗಡಿನಾಡಿನವರು ಹಾಕಿದ ತಳಪಾಯ

ಈ ಒಕ್ಕೂಟಕ್ಕೆ ತಳಪಾಯ ಹಾಕಿದವರಲ್ಲಿ ಇಬ್ಬರು ನಮ್ಮಂತೆ ಗಡಿನಾಡಿನವರು. ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ 1886ರಲ್ಲಿ ಲಕ್ಸೆಂಬರ್ಗಿನಲ್ಲಿ ಹುಟ್ಟಿ, ಜರ್ಮನ್ ಪ್ರಜೆಯಾಗಿ ಬೆಳೆದರು. ಮೊದಲನೆಯ ಮಹಾಯುದ್ಧದ ತರುವಾಯ ಲೊರೇನ್ ಪ್ರಾಂತ್ಯ ಫ್ರಾನ್ಸಿಗೆ ಸೇರಿದಾಗ ಅವರು ಫ್ರೆಂಚ್ ಪ್ರಜೆಯಾದರು. ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಹುಟ್ಟಿದ ಟ್ರೆಂಟಿನೋ ಪ್ರಾಂತ್ಯ ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು. ಅವರು ಮೊದಲು ಕುಳಿತದ್ದು ವಿಯೆನ್ನಾದ ಪಾರ್ಲಿಮೆಂಟಿನಲ್ಲಿ. ತಮ್ಮ ನೆಲದ ಮೇಲೆ ಸೈನ್ಯಗಳು ಆಚೆಯಿಂದ ಈಚೆಗೂ ಈಚೆಯಿಂದ ಆಚೆಗೂ ನಡೆದದ್ದನ್ನು ಇವರು ಕಣ್ಣಾರೆ ಕಂಡವರು.

1950ರ ಮೇ 9ರಂದು ಶೂಮನ್ನರು ಒಂದು ಯೋಜನೆಯನ್ನು ಮುಂದಿಟ್ಟರು. ಕಲ್ಲಿದ್ದಲು ಮತ್ತು ಉಕ್ಕು ಇಲ್ಲದೆ ಯುದ್ಧ ನಡೆಯುವುದಿಲ್ಲ. ಆದ್ದರಿಂದ ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಎರಡನ್ನೂ ಒಂದೇ ಮಂಡಲಿಯ ಕೈಗೆ ಒಪ್ಪಿಸೋಣ ಎಂಬುದೇ ಅದರ ತಿರುಳು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ಸಹಿ ಹಾಕಿದವು.

ಆ ಮೊದಲ ಮಂಡಲಿಯಲ್ಲಿ ಪಾಲ್ ಫಿನೆ ಎಂಬ ಬೆಲ್ಜಿಯಂ ಕಾರ್ಮಿಕ ಮುಖಂಡರಿಗೂ ಸ್ಥಾನವಿತ್ತು. ಗಣಿ ಮುಚ್ಚಿದರೆ ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸಲು ಹಣ, ಗಣಿಗಾರರಿಗೆ ಮನೆ ಕಟ್ಟಿಸಲು ಸಾಲ, ಇವೆಲ್ಲಾ ಆ ಮಂಡಲಿಯ ಕೆಲಸದಲ್ಲಿ ಸೇರಿದ್ದವು. ಒಕ್ಕೂಟದಿಂದ ಯಾರಿಗೆ ನಷ್ಟವೋ ಅವರಿಗೆ ಒಕ್ಕೂಟವೇ ಹೊಣೆ ಎಂಬ ನೀತಿ ಪ್ರಾರಂಭದಲ್ಲಿಯೇ ಇತ್ತು. ಮುಂದೆ ಬರುವ ಮಾತಿಗೆಲ್ಲಾ ಇದನ್ನು ನೆನಪಿನಲ್ಲಿಡಬೇಕು.

ಆ ಕಾಲವೆಲ್ಲಾ ಸುಖದ ಕಾಲವೆಂದೂ ಭಾವಿಸಬಾರದು. 1946ರಲ್ಲಿ ಇಟಲಿಯೂ ಬೆಲ್ಜಿಯಮ್ಮೂ ಮಾಡಿಕೊಂಡ ಒಪ್ಪಂದದ ಪ್ರಕಾರ ಇಟಲಿ ಆಳುಗಳನ್ನು ಕಳುಹಿಸಬೇಕು, ಬೆಲ್ಜಿಯಂ ಕಲ್ಲಿದ್ದಲನ್ನು ಕೊಡಬೇಕು. ಹೀಗೆ ಹೋದವರಿದ್ದ ಮಾರ್ಸಿನೆಲ್ ಗಣಿಯಲ್ಲಿ 1956ರ ಆಗಸ್ಟ್ 8ರಂದು ಬೆಂಕಿ ಹತ್ತಿ 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಅದರ ತರುವಾಯ ಆರು ದೇಶಗಳೂ ಕೂಡಿ ಗಣಿಗಳ ಸುರಕ್ಷತೆಗೆ ಆಯೋಗವನ್ನು ನೇಮಿಸಿದವು. ಗಡಿ ದಾಟಿದ ಕೆಲಸಗಾರನ ಜೀವಕ್ಕೆ ಗಡಿ ದಾಟಿದ ಕಾನೂನು ಬೇಕೆಂಬ ಪಾಠವನ್ನು ಅವರು ಇಷ್ಟು ಬೆಲೆ ಕೊಟ್ಟು ಕಲಿತರು.

ಮೌನಸಮ್ಮತಿಯ ಕಾಲ

ರಾಷ್ಟ್ರವಾದಿಗಳ ಎದುರುಮಾತು ಹೊಸದಲ್ಲ. ಆರು ದೇಶಗಳ ಸೈನ್ಯವನ್ನೂ ಒಂದುಮಾಡುವ ಒಪ್ಪಂದವನ್ನು 1954ರ ಆಗಸ್ಟ್ 30ರಂದು ಫ್ರಾನ್ಸಿನ ಪಾರ್ಲಿಮೆಂಟು 319 ಮತಗಳಿಂದ ತಳ್ಳಿಹಾಕಿತು, ಪರವಾಗಿದ್ದವು 264. ತಳ್ಳಿಹಾಕಿದವರಲ್ಲಿ ಜನರಲ್ ದಗಾಲರ ಅನುಯಾಯಿಗಳಿದ್ದರು, ಕಮ್ಯುನಿಸ್ಟರೂ ಇದ್ದರು. ಒಬ್ಬರಿಗೆ ರಾಷ್ಟ್ರದ ಸಾರ್ವಭೌಮತ್ವದ ಚಿಂತೆ, ಇನ್ನೊಬ್ಬರಿಗೆ ಇದು ಬಂಡವಾಳಗಾರರ ಕೂಟವೆಂಬ ಚಿಂತೆ. ಸಂದೇಹವು ಬಲದಿಂದಲೂ ಎಡದಿಂದಲೂ ಬರುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಆದರೂ ಮೊದಲ ನಲವತ್ತು ವರ್ಷ ಸಾಮಾನ್ಯ ಜನರು ಇದನ್ನು ದೊಡ್ಡವರ ಕೆಲಸವೆಂದು ಸುಮ್ಮನೆ ಬಿಟ್ಟಿದ್ದರು. ಕೂಲಿ ಏರುತ್ತಿತ್ತು, ಯುದ್ಧವಿರಲಿಲ್ಲ. ರಾಜ್ಯಶಾಸ್ತ್ರದವರು ಇದಕ್ಕೆ ಮೌನಸಮ್ಮತಿ ಎಂಬರ್ಥದ ಹೆಸರು ಕೊಟ್ಟಿದ್ದಾರೆ. ಕೇಳಿದ ಕಡೆಯಲ್ಲೆಲ್ಲಾ ಜನರು ಹೌದೆನ್ನಲಿಲ್ಲ ಎಂಬುದೂ ನಿಜ. ನಾರ್ವೆಯಲ್ಲಿ 1972ರಲ್ಲಿ ಜನಮತ ಕೇಳಿದಾಗ ಶೇಕಡ 53.5, 1994ರಲ್ಲಿ ಮತ್ತೆ ಕೇಳಿದಾಗ ಶೇಕಡ 52.2 ಮಂದಿ ಬೇಡವೆಂದರು. ಮೀನುಗಾರರಿಗೆ ತಮ್ಮ ಕಡಲಿನ ಚಿಂತೆ, ರೈತರಿಗೆ ತಮ್ಮ ಬೆಲೆಯ ಚಿಂತೆ. ಅವರನ್ನು ದ್ವೇಷಿಗಳೆಂದು ಯಾರೂ ಹೇಳಲಾರರು.

ಇಂಗ್ಲೆಂಡಿನ ಕಥೆ ಇನ್ನೂ ಬೋಧಕವಾದದ್ದು. ಅಲ್ಲಿ ಮೊದಲು ಸಂದೇಹಪಟ್ಟವರು ಕಾರ್ಮಿಕರೇ. 1983ರ ಚುನಾವಣೆಯಲ್ಲಿ ಲೇಬರ್ ಪಕ್ಷ ಸಮುದಾಯದಿಂದ ಹೊರಬರುತ್ತೇವೆಂದೇ ಪ್ರಣಾಳಿಕೆ ಬರೆದಿತ್ತು. 1988ರ ಸೆಪ್ಟೆಂಬರ್ 8ರಂದು ಯೂರೋಪು ಆಯೋಗದ ಅಧ್ಯಕ್ಷ ಜಾಕ್ ದಲೋರ್ ಬೋರ್ನ್‌ಮತ್‌ನಲ್ಲಿ ನಡೆದ ಕಾರ್ಮಿಕ ಸಂಘಗಳ ಮಹಾಸಭೆಗೆ ಬಂದು, ಮಾರುಕಟ್ಟೆಯ ಜೊತೆಗೆ ಕಾರ್ಮಿಕರ ಹಕ್ಕುಗಳೂ ಬರುವುವೆಂದು ಮಾತು ಕೊಟ್ಟರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹನ್ನೆರಡು ದಿನಗಳ ತರುವಾಯ ಪ್ರಧಾನಿ ಥ್ಯಾಚರ್ ಬ್ರೂಜ್ ನಗರದಲ್ಲಿ ಭಾಷಣಮಾಡಿ, ತಾವು ಸ್ವದೇಶದಲ್ಲಿ ಹಿಮ್ಮೆಟ್ಟಿಸಿದ ಸರ್ಕಾರಿ ಹಿಡಿತವನ್ನು ಬ್ರಸೆಲ್ಸಿನಿಂದ ಮತ್ತೆ ಹೇರಗೊಡುವುದಿಲ್ಲವೆಂಬ ಧಾಟಿಯಲ್ಲಿ ಎಚ್ಚರಿಸಿದರು. ಒಕ್ಕೂಟ ಯಾರ ಪರವಾಗಿ ನಿಲ್ಲುತ್ತದೆ ಎಂಬುದರ ಮೇಲೆ ಯಾರು ಅದನ್ನು ಸಂದೇಹಿಸುತ್ತಾರೆ ಎಂಬುದೂ ಬದಲಾಗುತ್ತದೆ.

1992ರ ಜೂನ್ 2ರಂದು ಡೆನ್ಮಾರ್ಕಿನ ಜನರು ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಶೇಕಡ 50.7 ಮತಗಳಿಂದ ಬೇಡವೆಂದರು. ಮೌನಸಮ್ಮತಿಯ ಕಾಲ ಅಲ್ಲಿಗೆ ಮುಗಿಯಿತು.

ಕಂಟ್ರಾಕ್ಟುದಾರನಿಗೆ ತೆರೆದ ಬಾಗಿಲು

2004ರ ಮೇ 1ರಂದು ಹತ್ತು ದೇಶಗಳು ಒಕ್ಕೂಟಕ್ಕೆ ಸೇರಿದವು. ಅವುಗಳಲ್ಲಿ ಎಂಟು ಹಿಂದೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದವು. ಅಲ್ಲಿನ ಕೂಲಿ ಪಶ್ಚಿಮದ ಕೂಲಿಗಿಂತ ಬಹಳ ಕಡಿಮೆ. ಈಗ ಸ್ವೀಡನ್ ದೇಶದ ವಾಕ್ಸ್‌ಹೋಮ್ ಎಂಬ ಊರಿಗೆ ಬರೋಣ. ಅಲ್ಲಿ ಒಂದು ಶಾಲೆಯ ಕಟ್ಟಡದ ಕೆಲಸವನ್ನು ಲಾಟ್ವಿಯಾದ ಲವಾಲ್ ಎಂಬ ಕಂಪೆನಿ ಹಿಡಿದು, ತನ್ನ ದೇಶದ ಕೆಲಸಗಾರರನ್ನು ಕರೆತಂದಿತು. ಸ್ವೀಡನ್ನಿನಲ್ಲಿ ಕೂಲಿಯನ್ನು ಕಾನೂನು ಗೊತ್ತುಮಾಡುವುದಿಲ್ಲ. ಸಂಘವೂ ಮಾಲೀಕರೂ ಕುಳಿತು ಒಪ್ಪಂದದಿಂದ ಗೊತ್ತುಮಾಡುತ್ತಾರೆ. ಆ ಒಪ್ಪಂದಕ್ಕೆ ಸಹಿ ಹಾಕಿರೆಂದು ಸಂಘ ಕೇಳಿತು, ಕಂಪೆನಿ ಒಪ್ಪಲಿಲ್ಲ. 2004ರ ನವೆಂಬರಿನಲ್ಲಿ ಸಂಘ ಕೆಲಸದ ಜಾಗಕ್ಕೆ ತಡೆ ಹಾಕಿತು, ಎಲೆಕ್ಟ್ರಿಷಿಯನರೂ ಜೊತೆಗೂಡಿದರು. ಕಂಪೆನಿ ಕೋರ್ಟಿಗೆ ಹೋಯಿತು. 2007ರ ಡಿಸೆಂಬರ್ 18ರಂದು ಯೂರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ಮುಷ್ಕರ ಮೂಲಭೂತ ಹಕ್ಕು ಸರಿ, ಆದರೆ ಈ ತಡೆಯು ಗಡಿ ದಾಟಿ ಸೇವೆ ಸಲ್ಲಿಸುವ ಸ್ವಾತಂತ್ರ್ಯಕ್ಕೆ ವಿರುದ್ಧ. 2009ರಲ್ಲಿ ಸ್ವೀಡನ್ನಿನ ಕಾರ್ಮಿಕ ನ್ಯಾಯಾಲಯ ಸಂಘದಿಂದಲೇ ಕಂಪೆನಿಗೆ ಪರಿಹಾರ ಕೊಡಿಸಿತು.

ಈ ತೀರ್ಪನ್ನು ಕೇಳಿದ ಕಟ್ಟಡ ಕೆಲಸಗಾರನಿಗೆ ಏನನ್ನಿಸಿರಬೇಕು? ಲಾಟ್ವಿಯಾದವನು ಅವನಿಗೆ ಶತ್ರುವಲ್ಲ. ಅವನೂ ಮನೆಗೆ ನಾಲ್ಕು ಕಾಸು ಕಳುಹಿಸಲು ಬಂದವನು. ಬಾಗಿಲು ತೆರೆದದ್ದು ಕಂಟ್ರಾಕ್ಟುದಾರನಿಗೆ, ಅದರಿಂದ ಒಳಬಂದ ಗಾಳಿ ಬಡಿದದ್ದು ಇಬ್ಬರು ಕೆಲಸಗಾರರಿಗೆ. ಹೊರಗಿನಿಂದ ಕಡಿಮೆ ಕೂಲಿಗೆ ತಂಡ ತರುವ ಮೇಸ್ತ್ರಿಯನ್ನು ನಮ್ಮ ತೋಟಗಳಲ್ಲಿ, ಕಲ್ಲುಕೋರೆಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯೇ ರಾಷ್ಟ್ರವಾದಿ ಪಕ್ಷದ ಕೈಚಳಕ. ಕೆಲಸಗಾರನು ಕೂಲಿಯ ಪ್ರಶ್ನೆಯನ್ನು ಕೇಳುತ್ತಾನೆ. ಪಕ್ಷವು ಅದಕ್ಕೆ ಪರದೇಶಿ ಎಂಬ ಉತ್ತರವನ್ನು ಕೊಡುತ್ತದೆ. 2005ರಲ್ಲಿ ಫ್ರಾನ್ಸಿನಲ್ಲಿ ಯೂರೋಪಿನ ಸಂವಿಧಾನದ ಮೇಲೆ ಜನಮತ ಕೇಳಿದಾಗ ಪೋಲೆಂಡಿನ ಕೊಳಾಯಿ ಕೆಲಸದವನು ಎಲ್ಲರ ಬಾಯಲ್ಲೂ ಭೂತವಾದನು. ಇಂಗ್ಲೆಂಡಿನ ಬೋಸ್ಟನ್ ಎಂಬ ಪಟ್ಟಣದ ಸುತ್ತಲಿನ ತರಕಾರಿ ಹೊಲಗಳಿಗೆ ಪೂರ್ವ ಯೂರೋಪಿನವರು ಬಹಳವಾಗಿ ಬಂದರು. ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬರಬಹುದೆಂದು 2004ಕ್ಕೆ ಮೊದಲು ಸರ್ಕಾರ ಪ್ರಕಟಿಸಿದ್ದ ಅಂದಾಜು ಎಷ್ಟೋ ಪಟ್ಟು ಮೀರಿತು. ಕೂಲಿ, ಬಾಡಿಗೆ ಮನೆ, ಶಾಲೆ, ಡಾಕ್ಟರು, ಇವುಗಳ ಏರ್ಪಾಟು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. 2016ರ ಜನಮತದಲ್ಲಿ ದೇಶದಲ್ಲೆಲ್ಲಾ ಅತಿ ಹೆಚ್ಚಾಗಿ, ಶೇಕಡ 75.6, ಹೊರಬರೋಣವೆಂದು ಹೇಳಿದ್ದು ಆ ಪಟ್ಟಣವೇ.

ಕೂಲಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. 2014ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವಲಸೆಗೆ ಮಿತಿ ಹಾಕುವ ಮತದಾನವಾದಾಗ, ಪರದೇಶದವರು ಹೆಚ್ಚಾಗಿರುವ ಜೂರಿಕ್, ಜಿನೀವಾ ನಗರಗಳು ಬೇಡವೆಂದವು, ಹಳ್ಳಿಗಾಡು ಬೇಕೆಂದಿತು. ತಮ್ಮ ನುಡಿ, ತಮ್ಮ ಊರಿನ ರೀತಿ ಕರಗಿಹೋದೀತೆಂಬ ಅಂಜಿಕೆಯೂ ಜನರಲ್ಲಿದೆ. ನುಡಿ ಉಳಿಸಿಕೊಳ್ಳಲು ಹೆಣಗುತ್ತಿರುವ ನಾವು ಅದನ್ನು ಹಗುರವಾಗಿ ಕಾಣಲಾಗದು.

ಪಕ್ಷಗಳು ನಡೆದ ಮೂರು ದಾರಿಗಳು

ಒಂದನೆಯದಾಗಿ, ತಾವು ನಿರಾಕರಿಸಿದ ಮನೆಯ ಬಾಗಿಲಿನಿಂದಲೇ ಇವು ಒಳಗೆ ಬಂದವು. ಯೂರೋಪಿನ ಪಾರ್ಲಿಮೆಂಟಿಗೆ 1979ರಿಂದ ನೇರ ಚುನಾವಣೆ ನಡೆಯುತ್ತದೆ. ಮತದ ಪ್ರಮಾಣದಂತೆ ಸ್ಥಾನ ಹಂಚುವುದರಿಂದ ಸ್ವದೇಶದಲ್ಲಿ ಗೆಲ್ಲಲಾರದ ಪಕ್ಷವೂ ಅಲ್ಲಿ ಗೆಲ್ಲುತ್ತದೆ. ಫ್ರಾನ್ಸಿನ ನ್ಯಾಷನಲ್ ಫ್ರಂಟಿಗೆ 1984ರಲ್ಲಿ ಹತ್ತು ಸ್ಥಾನ ಸಿಕ್ಕಿದ್ದು ಹೀಗೆ. 2014ರಲ್ಲಿ ಅದೇ ಪಕ್ಷ ಫ್ರಾನ್ಸಿನಲ್ಲಿಯೂ, ಯುಕಿಪ್ ಎಂಬ ಪಕ್ಷ ಬ್ರಿಟನ್ನಿನಲ್ಲಿಯೂ ಮೊದಲ ಸ್ಥಾನಕ್ಕೆ ಬಂದವು.

ಎರಡನೆಯದಾಗಿ, ಅಧಿಕಾರಕ್ಕೆ ಬರದೆಯೇ ದೊಡ್ಡ ಪಕ್ಷಗಳನ್ನು ಬಗ್ಗಿಸಿದವು. ಯುಕಿಪ್ 2015ರ ಸಾರ್ವತ್ರಿಕ ಚುನಾವಣೆಯಲ್ಲಿ ಶೇಕಡ 12.6 ಮತ ಪಡೆದರೂ ಗೆದ್ದದ್ದು ಒಂದೇ ಸ್ಥಾನ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, 2013ರ ಜನವರಿಯಲ್ಲಿ, ತಮ್ಮ ಪಕ್ಷದ ಮತಗಳು ಸೋರಿಹೋಗುತ್ತವೆಂಬ ಭಯದಲ್ಲಿದ್ದ ಪ್ರಧಾನಿ ಕ್ಯಾಮರನ್ ಜನಮತ ಕೇಳುವುದಾಗಿ ಮಾತು ಕೊಟ್ಟಿದ್ದರು. 2016ರ ಜೂನ್ 23ರಂದು ಶೇಕಡ 51.9 ಮಂದಿ ಹೊರಬರೋಣವೆಂದರು. 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು.

ಮೂರನೆಯದಾಗಿ, ಹೊರಗೆ ಹೋಗುವ ಮಾತನ್ನು ಬಿಟ್ಟು ಒಳಗೇ ಕುಳಿತು ತಡೆಯುವುದನ್ನು ಕಲಿತವು. ಬ್ರಿಟನ್ನಿನ ಪಡಿಪಾಟಲನ್ನು ನೋಡಿದ ಮೇಲೆ ಫ್ರಾನ್ಸಿನ ಮರೀನ್ ಲ ಪೆನ್ ಯೂರೋ ನಾಣ್ಯ ಬಿಡುವ ಮಾತನ್ನು ಕೈಬಿಟ್ಟರು. ವಿದೇಶ ನೀತಿ, ಬಹುವರ್ಷದ ಆಯವ್ಯಯದಂಥ ವಿಷಯಗಳಲ್ಲಿ ಎಲ್ಲಾ ದೇಶಗಳೂ ಒಪ್ಪಬೇಕೆಂಬ ನಿಯಮವಿದೆ. ಹಾಗಾಗಿ 2023ರ ಡಿಸೆಂಬರಿನಲ್ಲಿ ಹಂಗೆರಿಯ ಪ್ರಧಾನಿ ಓರ್ಬಾನ್ ಒಬ್ಬರೇ ಉಕ್ರೇನಿಗೆ ಕೊಡಬೇಕೆಂದಿದ್ದ 5,000 ಕೋಟಿ ಯೂರೋ ನೆರವನ್ನು ತಡೆದು ನಿಲ್ಲಿಸಿದರು. 2024ರ ಫೆಬ್ರವರಿ 1ಕ್ಕೆ ಅದು ಬಿಡುಗಡೆಯಾಯಿತು. ಮನೆಯೊಳಗಿದ್ದು ಬಾಗಿಲಿಗೆ ಅಡ್ಡ ಕುಳಿತವನನ್ನು ಏಳಿಸುವುದು ಹೊರಗಿನವನನ್ನು ತಡೆಯುವುದಕ್ಕಿಂತ ಕಷ್ಟ.

ಬೇಡವೆಂದ ಜನರಿಗೆ ಸಿಕ್ಕಿದ ಉತ್ತರ

ದೋಷವನ್ನೆಲ್ಲಾ ರಾಷ್ಟ್ರವಾದಿಗಳ ತಲೆಗೆ ಕಟ್ಟಿದರೆ ನ್ಯಾಯವಾಗಲಾರದು. 2005ರಲ್ಲಿ ಯೂರೋಪಿನ ಸಂವಿಧಾನಕ್ಕೆ ಫ್ರಾನ್ಸಿನ ಶೇಕಡ 54.7 ಮಂದಿ, ಹಾಲೆಂಡಿನ ಶೇಕಡ 61.5 ಮಂದಿ ಬೇಡವೆಂದರು. ಅದರ ಬಹುಭಾಗವನ್ನು ಲಿಸ್ಬನ್ ಒಪ್ಪಂದವೆಂಬ ಹೆಸರಿನಲ್ಲಿ ತಂದು, ಈ ಸಾರಿ ಆ ಎರಡು ದೇಶಗಳಲ್ಲಿ ಜನರನ್ನು ಕೇಳದೆ ಪಾರ್ಲಿಮೆಂಟುಗಳಿಂದಲೇ ಒಪ್ಪಿಗೆ ಪಡೆದರು. 2015ರ ಜುಲೈ 5ರಂದು ಗ್ರೀಸಿನಲ್ಲಿ ಶೇಕಡ 61 ಮಂದಿ ಸಾಲಗಾರರ ಷರತ್ತುಗಳಿಗೆ ಬೇಡವೆಂದರು. ಒಂದು ವಾರದ ತರುವಾಯ ಅವರ ಸರ್ಕಾರ ಅಂಥವೇ ಷರತ್ತುಗಳಿಗೆ ತಲೆಬಾಗಬೇಕಾಯಿತು. ನಿಮ್ಮ ಉತ್ತರ ತಪ್ಪು ಎಂದು ಮೇಷ್ಟರು ಹೇಳಿದಂತೆ ಜನರಿಗೆ ಕೇಳಿಸಿತು. ಇಂಥ ಅವಮಾನವನ್ನು ಕೂಡಿಡುವುದಕ್ಕೆ ಯಾವ ಪಕ್ಷವೂ ದುಡ್ಡು ಖರ್ಚುಮಾಡಬೇಕಾಗಿಲ್ಲ.

ಡೆನ್ಮಾರ್ಕಿನಲ್ಲಿ ಹೀಗಾಗಲಿಲ್ಲ. 1992ರಲ್ಲಿ ಬೇಡವೆಂದವರಿಗೆ ನಾಣ್ಯ, ರಕ್ಷಣೆ ಮೊದಲಾದ ವಿಷಯಗಳಲ್ಲಿ ಹೊರಗಿರುವ ಅವಕಾಶವನ್ನು ಕೊಟ್ಟರು. 1993ರಲ್ಲಿ ಶೇಕಡ 56.7 ಮಂದಿ ಒಪ್ಪಿದರು. ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದ ಮೇಲೆ, 2022ರ ಜೂನ್ 1ರಂದು, ಅದೇ ಜನರು ರಕ್ಷಣೆಯ ವಿಷಯದಲ್ಲಿ ತಮಗಿದ್ದ ವಿನಾಯಿತಿಯನ್ನು ಶೇಕಡ 66.9 ಮತಗಳಿಂದ ತಾವಾಗಿಯೇ ಬಿಟ್ಟುಕೊಟ್ಟರು. ಕಾಯಲು ಸಿದ್ಧರಾದವರಿಗೆ ಸಂದೇಹವು ಒಪ್ಪಿಗೆಯಾಗಿ ಬರಬಹುದು. ಮೂವತ್ತು ವರ್ಷ ಬೇಕಾಯಿತು.

ಬೆಲೆ ಕೊಟ್ಟವರು ಯಾರು?

ಬ್ರಿಟನ್ ಹೊರಬಂದುದರ ಮೊದಲ ಪೆಟ್ಟು ತಗಲಿದ್ದು ಗಡಿನಾಡಿಗೇ. ಉತ್ತರ ಐರ್ಲೆಂಡಿನ ಶೇಕಡ 55.8 ಮಂದಿ ಒಕ್ಕೂಟದಲ್ಲೇ ಇರೋಣವೆಂದಿದ್ದರು. ಮೂವತ್ತು ವರ್ಷದ ರಕ್ತಪಾತದ ತರುವಾಯ 1998ರ ಒಪ್ಪಂದದಿಂದ ಅಲ್ಲಿ ಶಾಂತಿ ಬಂದಿತ್ತು. ಗಡಿಯ ಕಾವಲುಠಾಣೆಗಳು ಹೋಗಿದ್ದವು. ಅವು ಮತ್ತೆ ಏಳಬಾರದೆಂದು ಸರಕಿನ ತಪಾಸಣೆಯನ್ನು ಬ್ರಿಟನ್ನಿನ ಮುಖ್ಯದ್ವೀಪದಿಂದ ಬರುವ ರೇವುಗಳಿಗೆ ಒಯ್ದರು. ಅದರ ಜಗಳ 2023ರ ವಿಂಡ್ಸರ್ ಒಪ್ಪಂದದ ತನಕ ನಡೆಯಿತು.

ವಲಸೆ ಕಡಿಮೆಯಾಯಿತೋ? 2023ರ ಜೂನಿಗೆ ಮುಗಿದ ವರ್ಷದಲ್ಲಿ ಬ್ರಿಟನ್ನಿಗೆ ಬಂದವರು ಹೋದವರಿಗಿಂತ ಒಂಬತ್ತು ಲಕ್ಷದಷ್ಟು ಹೆಚ್ಚೆಂದು ಸರ್ಕಾರಿ ಅಂದಾಜು. ಬಂದವರಲ್ಲಿ ಹೆಚ್ಚಿನವರು ಯೂರೋಪಿನವರಲ್ಲ, ಭಾರತ, ನೈಜೀರಿಯಾ ಮೊದಲಾದ ದೇಶಗಳವರು. 2022ರಿಂದ ವೃದ್ಧರ ಆರೈಕೆಯ ಕೆಲಸಕ್ಕೆ ವೀಸಾ ತೆರೆದಾಗ ನಮ್ಮ ಕೇರಳದ ಕಡೆಯಿಂದಲೂ ಅನೇಕ ಹೆಣ್ಣುಮಕ್ಕಳು ಹೋದರು. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಮೋಸಹೋದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. 2025ರ ಜುಲೈಯಲ್ಲಿ ಹೊರದೇಶದಿಂದ ಆ ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಪೋಲೆಂಡಿನ ಕೆಲಸಗಾರನಿಗೆ ಒಕ್ಕೂಟದ ಕಾನೂನಿನಂತೆ ಮಾಲೀಕನನ್ನು ಬಿಟ್ಟು ಬೇರೆ ಕಡೆ ಸೇರುವ ಹಕ್ಕಿತ್ತು. ಇವರ ವೀಸಾ ಮಾಲೀಕನ ಹೆಸರಿಗೆ ಕಟ್ಟುಬಿದ್ದದ್ದು. ಗಡಿ ಗಟ್ಟಿಯಾದಾಗ ಕೆಲಸಗಾರ ಬರುವುದು ನಿಲ್ಲುವುದಿಲ್ಲ. ಅವನ ಹಕ್ಕು ಕಡಿಮೆಯಾಗುತ್ತದೆ.

ಉತ್ತರ ಕೊಡಬಹುದು

ಸಂದೇಹಕ್ಕೆ ಉತ್ತರ ಕೊಡುವುದು ಸಾಧ್ಯವೆಂಬುದಕ್ಕೂ ದೃಷ್ಟಾಂತಗಳಿವೆ. ಹೊರದೇಶದಿಂದ ಕಳುಹಿಸಿದ ಕೆಲಸಗಾರನಿಗೆ ಒಂದೇ ಜಾಗದಲ್ಲಿ ಒಂದೇ ಕೆಲಸಕ್ಕೆ ಒಂದೇ ಸಂಬಳವೆಂಬ ತತ್ವವನ್ನು ಒಕ್ಕೂಟ 2018ರಲ್ಲಿ ಕಾನೂನಿಗೆ ಸೇರಿಸಿತು. ವಾಕ್ಸ್‌ಹೋಮಿನ ತಡೆಗೆ ಇದು ಹದಿನಾಲ್ಕು ವರ್ಷ ತಡವಾಗಿ ಬಂದ ಉತ್ತರ. 2022ರಲ್ಲಿ ಕನಿಷ್ಠ ಕೂಲಿಯ ಬಗ್ಗೆಯೂ ಕಾನೂನು ಬಂದಿತು.

ಸ್ವಿಟ್ಜರ್ಲೆಂಡ್ ಒಕ್ಕೂಟದ ಸದಸ್ಯ ದೇಶವಲ್ಲ. ಆದರೂ ಜನರ ಓಡಾಟಕ್ಕೆ ಒಪ್ಪಂದವಿದೆ. ಅಲ್ಲಿನ ಕಾರ್ಮಿಕ ಸಂಘಗಳು 2004ರಿಂದಲೇ ಕೆಲಸದ ಜಾಗಗಳಲ್ಲಿ ಕೂಲಿಯ ತಪಾಸಣೆ ನಡೆಸುವ ಏರ್ಪಾಟನ್ನು ಹಟಹಿಡಿದು ಪಡೆದಿದ್ದವು. ಆದರೂ 2014ರ ಮತದಾನದಲ್ಲಿ ವಲಸೆಗೆ ಮಿತಿ ಬೇಕೆಂದವರು ಶೇಕಡ 50.3 ಆದರು, ಇಟಲಿಯಿಂದ ದಿನವೂ ಸಾವಿರಾರು ಮಂದಿ ಕೆಲಸಕ್ಕೆ ಬಂದುಹೋಗುವ ಟಿಚಿನೋ ಪ್ರಾಂತ್ಯದಲ್ಲಿ ಶೇಕಡ 68. ಸಂಘಗಳು ಕೈಬಿಡಲಿಲ್ಲ. ಊರಿನ ನಿರುದ್ಯೋಗಿಗಳಿಗೆ ಖಾಲಿ ಕೆಲಸದ ಸುದ್ದಿಯನ್ನು ಮೊದಲು ತಿಳಿಸುವ ನಿಯಮವೂ, ವಯಸ್ಸಾಗಿ ಕೆಲಸ ಕಳೆದುಕೊಂಡವರಿಗೆ ನೆರವೂ ಬಂದವು. 2020ರ ಸೆಪ್ಟೆಂಬರ್ 27ರಂದು ರಾಷ್ಟ್ರವಾದಿ ಪಕ್ಷವು ಓಡಾಟದ ಒಪ್ಪಂದವನ್ನೇ ರದ್ದುಮಾಡಬೇಕೆಂದು ಮತ ಕೇಳಿದಾಗ ಶೇಕಡ 61.7 ಮಂದಿ ಬೇಡವೆಂದರು.

ಹಾಗೆಂದು ರಾಷ್ಟ್ರವಾದಿಗಳ ಬಲ ಕುಂದಿತೆಂದು ಹೇಳಲಾಗದು. 2024ರ ಯೂರೋಪು ಚುನಾವಣೆಯಲ್ಲಿ ಲ ಪೆನ್ ಪಕ್ಷ ಫ್ರಾನ್ಸಿನಲ್ಲಿ ಶೇಕಡ 31ಕ್ಕೂ ಹೆಚ್ಚು ಮತ ಪಡೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲಾ ನೆಲಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ಹಾಕಿತು. ಕೆಲಸ ಮುಗಿದಿಲ್ಲ.

ಸಹೋದರ ಸಹೋದರಿಯರೇ, ಯೂರೋಪಿನ ಈ ಕಥೆಯಿಂದ ನಾವು ಎರಡು ಮಾತುಗಳನ್ನು ಕಟ್ಟಿಕೊಂಡು ಹೋಗಬಹುದೆಂದು ತೋರುತ್ತದೆ. ಗಡಿಯಾಚೆಯಿಂದ ಬಂದವನನ್ನು ಓಡಿಸಿರಿ ಎಂಬ ಕೂಗು ಎದ್ದಾಗ, ಅವನಿಗೆ ಕೊಡುವ ಕೂಲಿ ಎಷ್ಟು, ಅದನ್ನು ಗೊತ್ತುಮಾಡಿದವರು ಯಾರು ಎಂದು ಮೊದಲು ಕೇಳಬೇಕು. ಎಲ್ಲರೂ ಒಂದಾಗೋಣ ಎಂಬ ಸುಂದರವಾದ ಮಾತನ್ನು ಮೇಲಿನವರು ಆಡಿದಾಗ, ಅದರಿಂದ ನಷ್ಟವಾಗುವವರ ಹೊಣೆ ಯಾರದು ಎಂದು ಅಷ್ಟೇ ಧೈರ್ಯವಾಗಿ ಕೇಳಬೇಕು. ಮೊದಲನೆಯ ಪ್ರಶ್ನೆಯನ್ನು ರಾಷ್ಟ್ರವಾದಿಗಳು ಕೇಳುವುದಿಲ್ಲ. ಎರಡನೆಯದನ್ನು ಒಕ್ಕೂಟ ಕಟ್ಟುವವರು ಅನೇಕ ಸಾರಿ ಮರೆಯುತ್ತಾರೆ. ಇವೆರಡನ್ನೂ ಒಟ್ಟಿಗೆ ಕೇಳಬಲ್ಲವರು ದುಡಿಯುವವರ ಸಂಘಗಳು.

ಚರ್ಚೆಗಾಗಿ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಟ್ಟು ಮಾತನ್ನು ಮುಗಿಸುತ್ತೇವೆ. ನಿಮ್ಮ ಊರಿಗೆ ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ನಿಮಗೆ ಸಿಕ್ಕುವಷ್ಟೇ ಕೂಲಿ ಸಿಕ್ಕುತ್ತದೆಯೇ? ಅವರಲ್ಲಿ ಎಷ್ಟು ಮಂದಿ ನಿಮ್ಮ ಸಂಘದಲ್ಲಿದ್ದಾರೆ? ಇಲ್ಲವೆಂದರೆ, ಅವರನ್ನು ಕರೆಯುವುದಕ್ಕೆ ನಮ್ಮಲ್ಲಿ ಯಾರು ಹೋಗುತ್ತೀರಿ?